ಗಿಡ್ಡ ಗೆರೆಯ ರುದ್ರಪ್ಪ ಮೇಷ್ಟ್ರು

ರುದ್ರಪ್ಪ ಮೇಷ್ಟ್ರು ಫಿಸಿಕ್ಸ್ ಲ್ಯಾಬಿನ ಬಾಗಿಲಲ್ಲಿ ಖಾಲಿ ಬಿಸ್ಕತ್ತು ಡಬ್ಬಿ ಹಿಡಿದು ನಿಲ್ಲುತ್ತಿದ್ದರು. ಒಳಗೆ ಹೋಗುವವರೆಲ್ಲ ತಮ್ಮ ರಬ್ಬರನ್ನು ಅದಕ್ಕೆ ಹಾಕಿಯೇ ಹೋಗಬೇಕು. "ಬಂದಿದ್ದು ಬರೀರಿ. ತಪ್ಪು ಅನ್ಸಿದ್ರೆ ಗೀಟು ಹೊಡೆದು ಪಕ್ಕಕ್ಕೆ ಬರೀರಿ. ಅಳಿಸಾಕೆ ಹೋಗಬ್ಯಾಡ್ರಿ" ಎನ್ನುವರು. ಚನ್ನಗಿರಿಯ ಆ ಕಾಲೇಜಿನಲ್ಲಿ ನಾವು ಕಲಿತ ವಿದ್ಯೆಯೇ ಬೇರೆ. ಪುಸ್ತಕದ ಉತ್ತರ ಮೊದಲೇ ನೋಡಿಕೊಂಡು ರೀಡಿಂಗ್ ಅಡ್ಜಸ್ಟ್ ಮಾಡುವುದು. ಅದರಲ್ಲಿ ನನ್ನದು ಪಳಗಿದ ಕೈ, ರೆಕಾರ್ಡಿಗೆ ಯಾವಾಗಲೂ ಪೂರ್ತಿ ಅಂಕ.

ಐವತ್ತು ದಾಟಿದ ಮೇಲೆ ಮೇಷ್ಟ್ರಿಗೆ ಪಿಎಚ್‌ಡಿ ಹುಚ್ಚು ಹತ್ತಿತು. ಹೈಡ್ರೋಜನ್ ಬ್ರೋಮೈಡ್ ಎಂಬ ಪುಟ್ಟ ಅಣುವಿನ ಮೇಲೆ, ಅದಕ್ಕೆ ಒಗ್ಗುವ ಶಕ್ತಿಯ ಎಕ್ಸ್‌ರೇ ಬಿಟ್ಟು, ಹೊರಚಿಮ್ಮುವ ಎಲೆಕ್ಟ್ರಾನುಗಳನ್ನು ಅಳೆಯುವುದು. ಉತ್ತರ ಭಾರತದ ದೊಡ್ಡ ಎಕ್ಸ್‌ರೇ ಯಂತ್ರವೊಂದರಲ್ಲಿ ಹದಿನೈದು ದಿನ ಕೂತು ಅಳೆದು ಬಂದಿದ್ದರು. "ಎಲೆಕ್ಟ್ರಾನು ಸುತ್ತೂ ಹಾಕತೈತೆ, ಬುಗುರಿಯಂಗೆ ತಾನೂ ತಿರುಗತೈತೆ. ಆ ಎರಡೂ ತಿರುಗಾಟ ತಗಲಾಕ್ಕೊಂಡು, ಗ್ರಾಫಿನಾಗೆ ಒಂದು ಗೆರೆ ಇರಬೇಕಾದಲ್ಲಿ ಎರಡಾಗತಾವೆ ನೋಡವ್ವಾ" ಎಂದು ನನಗೆ ತಿಳಿಸಿಕೊಟ್ಟಿದ್ದರು.

ಅಷ್ಟರಲ್ಲಿ ಸಕ್ಕರೆ ಕಾಯಿಲೆ ಅವರ ಕಣ್ಣಿಗೆ ಇಳಿಯಿತು. ಅದೇ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದ ನಾನು, ಅವರ ಅಳತೆಗಳನ್ನು ನೋಟ್‌ಬುಕ್ಕಿನಿಂದ ಕಂಪ್ಯೂಟರಿಗೆ ಏರಿಸಿಕೊಡಲು ಒಪ್ಪಿದೆ. ಪುಸ್ತಕದ ಪ್ರಕಾರ ಎರಡೂ ಗೆರೆ ಸಮ ಎತ್ತರ ಇರಬೇಕು. ಅವರ ಅಂಕಿಗಳಲ್ಲಿ ಎರಡನೆಯದು ಗಿಡ್ಡ. ಪಾಪ, ಕಣ್ಣು ಮಂಜಾಗಿ ತಪ್ಪು ಬರೆದಿದ್ದಾರೆ ಎಂದುಕೊಂಡು ಹಳೆಯ ಚಾಳಿಯಂತೆ ಕಂಪ್ಯೂಟರಿನಲ್ಲಿ ಸಮ ಮಾಡಿ ತಿದ್ದಿಬಿಟ್ಟೆ. ಒಳ್ಳೆಯದು ಮಾಡಿದೆನೆಂದೇ ನಂಬಿದ್ದೆ.

"ಎರಡ್ನೇದು ಹೆಂಗೆ ಬಂತವ್ವಾ?"

"ಸಮ ಬಂತು ಸಾರ್."

"ಅಲ್ಲಿ ನೋಡಿದಾಗ ಗಿಡ್ಡ ಇದ್ದಂಗಿತ್ತಲ್ಲ?"

"ಇಲ್ಲ ಸಾರ್."

ಆಮೇಲೆ ಮೇಷ್ಟ್ರು ಪ್ರಬಂಧದಲ್ಲಿ ಗಿಡ್ಡ ಗೆರೆಯ ಬಗ್ಗೆ ಬರೆಸಿದ್ದ ಅಧ್ಯಾಯವನ್ನೇ ತೆಗೆದುಹಾಕಿಸಿದರು.

ಪರೀಕ್ಷಕರ ಪತ್ರ ಬಂದಾಗ ಮೇಷ್ಟ್ರು ನ್ಯಾಮತಿಯ ತಮ್ಮ ಮನೆಯಲ್ಲಿ ಮಲಗಿದ್ದರು. ಕಣ್ಣು ಪೂರ್ತಿ ಹೋಗಿತ್ತು, ಕಿಡ್ನಿಯೂ ಕೈಕೊಟ್ಟಿತ್ತು. ಬಸ್ಸಿನಲ್ಲಿ ಹೋಗಿ ನಾನೇ ಪತ್ರ ಓದಿದೆ. ಪ್ರಬಂಧದಲ್ಲಿ ಹೊಸದೇನೂ ಇಲ್ಲ. ಈ ಎಕ್ಸ್‌ರೇ ಶಕ್ತಿಯಲ್ಲಿ ಎರಡು ಗೆರೆಗಳ ಎತ್ತರ ಬೇರೆಯಾಗಬಹುದೆಂಬ ನಿರೀಕ್ಷೆಯಿತ್ತು, ಹಾಗೆ ಕಂಡಿದ್ದರೆ ಮಹತ್ವದ ಕೆಲಸವಾಗುತ್ತಿತ್ತು ಎಂದು ಬರೆದಿತ್ತು.

ಮೇಷ್ಟ್ರು ನನ್ನ ಕಡೆ ಮುಖ ತಿರುಗಿಸಿದರು. "ನೀನೇನಾದ್ರೂ ತಿದ್ದಿದ್ಯೇನವ್ವಾ? ತಿದ್ದಿದ್ರೆ ಹೇಳು, ಬೈಯಾದಿಲ್ಲ. ಇನ್ನೊಂದ್ಸಲ ಬರದು ಕಳಿಸಾಣ."

"ಇಲ್ಲ ಸಾರ್. ಇದ್ದದ್ದನ್ನೇ ಹಾಕಿದೀನಿ."

"ಹಂಗಾದ್ರೆ ನನ್ನ ಕಣ್ಣೇ ಮೋಸ ಮಾಡೈತೆ ಬಿಡು" ಎಂದು ಗೋಡೆಯ ಕಡೆ ಹೊರಳಿದರು. ಬಾಯಿ ತೆರೆದಿದ್ದರೆ ಸಾಕಿತ್ತು. ನನಗೆ ಧೈರ್ಯ ಬರಲಿಲ್ಲ. ನನ್ನಷ್ಟು ಹೇಡಿ ಇನ್ನೊಬ್ಬರಿಲ್ಲ.

ಅದಾಗಿ ಒಂಬತ್ತನೇ ದಿನ ತೀರಿಕೊಂಡರು. ಅವರ ನೋಟ್‌ಬುಕ್ಕು ಇನ್ನೂ ನನ್ನ ಹತ್ತಿರವೇ ಇದೆ. ಆ ಅಳತೆಯ ಪುಟದಲ್ಲಿ ಒಂದು ಕಡೆಯೂ ಅಳಿಸಿಲ್ಲ, ಎರಡನೇ ಗೆರೆ ಗಿಡ್ಡವಾಗಿಯೇ ಇದೆ.