ಉರ್ದು ವಿಭಾಗಕ್ಕೆ ಕೊಡದೆ ಉಳಿಸಿಕೊಂಡ ಮೂವರು

ನಮ್ಮ ಕಡೆ ಹೊಸ ಕಾಲೇಜು, ಹೊಸ ವಿಭಾಗ ಶುರು ಮಾಡುವವರು ಒಮ್ಮೆ ನನ್ನನ್ನು ಕೇಳಿಕೊಂಡು ಹೋಗುತ್ತಾರೆ. ನಾನು ಹೇಳುವ ಮೊದಲ ಮಾತು: ಕೋಣೆ ಹಿಡಿಯಿರಿ, ಪಠ್ಯಕ್ರಮ ಆಮೇಲೆ. ಕೋಣೆಯಿಲ್ಲದ ವಿಭಾಗವನ್ನು ಯಾರು ಬೇಕಾದರೂ ಬಾಯಿಮಾತಿನಲ್ಲೇ ಮುಚ್ಚಿಬಿಡುತ್ತಾರೆ. ಬೀಗ, ಬೋರ್ಡು ಇರುವ ವಿಭಾಗ ಮುಚ್ಚಲು ಕಾಗದ ಬೇಕು, ಕಾಗದಕ್ಕೆ ಸಹಿ ಹಾಕುವವನೊಬ್ಬ ಬೇಕು. ಹಾಗೆ ಸಹಿ ಹಾಕಿದವನು ನಾನು. ಆದ್ದರಿಂದ ನನ್ನ ಸಲಹೆಯನ್ನು ಎಷ್ಟರಮಟ್ಟಿಗೆ ತೆಗೆದುಕೊಳ್ಳಬೇಕೆಂದು ನೀವೇ ನೋಡಿಕೊಳ್ಳಿ.

ನಾನು ದೇವಾಪುರದವನು. ಅವ್ವ ಸುರಪುರದ ಸಂತೆಯಲ್ಲಿ ಕಾಯಿಪಲ್ಯ ಮಾರುತ್ತಿದ್ದಳು. ನಾನು ಎಂ.ಎ. ಮಾಡಿದ್ದು ರಾಜ್ಯಶಾಸ್ತ್ರದಲ್ಲಿ, ಕೆಲಸಕ್ಕೆ ಬಂದ ವಿದ್ಯೆ ಮಾತ್ರ ಅವ್ವನ ಬುಟ್ಟಿಯ ಪಕ್ಕ ಕಲಿತದ್ದು. ಗಿರಾಕಿ ಯಾವಾಗ ನಿಜವಾಗಿ ಎದ್ದು ಹೋಗುತ್ತಾನೆ, ಯಾವಾಗ ಹೋದಂತೆ ಮಾಡುತ್ತಾನೆ ಎಂಬುದು ಅವನ ಹೆಜ್ಜೆಯಲ್ಲೇ ಗೊತ್ತಾಗುತ್ತದೆ. ವಿಶ್ವವಿದ್ಯಾಲಯದ ಕಚೇರಿಗಳಲ್ಲಿ ಮೂವತ್ತು ವರ್ಷ ನಾನು ಬಳಸಿದ್ದು ಇದನ್ನೇ.

ಯಾದಗಿರಿಯಲ್ಲಿ ಸ್ನಾತಕೋತ್ತರ ಕೇಂದ್ರ ತೆರೆದಾಗ ನಮ್ಮ ಕಲಾ ನಿಕಾಯಕ್ಕೆ ಸಿಕ್ಕಿದ್ದು ಬಾಗಿಲು ಹಾಕಿದ ಹತ್ತಿ ಜಿನ್ನಿನ ಗೋದಾಮು. ಕನ್ನಡ, ಉರ್ದು, ಇತಿಹಾಸ, ಸಮಾಜಶಾಸ್ತ್ರ, ರಾಜ್ಯಶಾಸ್ತ್ರ, ಹೀಗೆ ಐದು ವಿಭಾಗ. ನಡುವೆ ಗೋಡೆಯಿಲ್ಲ, ಕಬ್ಬಿಣದ ಅಲಮಾರುಗಳನ್ನೇ ಅಡ್ಡ ನಿಲ್ಲಿಸಿದ್ದೆವು. ಇತಿಹಾಸದವರು ಬಹಮನಿ ಸುಲ್ತಾನರನ್ನು ಗಟ್ಟಿಯಾಗಿ ಹೇಳಿದರೆ ನನ್ನ ಹುಡುಗರು ಸಂವಿಧಾನದ ಪಾಠದಲ್ಲಿ ಅವರನ್ನೇ ಬರೆದುಕೊಳ್ಳುತ್ತಿದ್ದರು. ಫ್ಯಾನು ಹಾಕಿದರೆ ಮೂಲೆಗಳಿಂದ ಹತ್ತಿಯ ಎಳೆ ಎದ್ದು ಬಂದು ಮೀಸೆಗೆ ಅಂಟುತ್ತಿತ್ತು. ಡೀನ್ ಸಾಹೇಬರು ದೂರದ ಮುಖ್ಯ ಆವರಣದಲ್ಲಿರುತ್ತಿದ್ದರು, ವರ್ಷಕ್ಕೆ ಎರಡು ಸಲ ಬಂದು ಹೋಗುವರು. ಉಳಿದ ದಿನ ಸಂಯೋಜಕ ಎಂಬ ಹೆಸರಿನಲ್ಲಿ ನಿಕಾಯ ನಡೆಸುತ್ತಿದ್ದವನು ನಾನು. ಮುಚ್ಚಿಹೋದ ಟ್ಯುಟೋರಿಯಲ್ಲಿನ ಕರಿಹಲಗೆ ತಂದೆ. ಡಿಪೋದವರ ಬೆನ್ನು ಹತ್ತಿ ಗೇಟಿನ ಮುಂದೆ ಬಸ್ಸು ನಿಲ್ಲಿಸಿದೆ. ಕೊನೆಗೆ ಹೊಸ ಕಟ್ಟಡ ಬಂದಾಗ, ಬೆಳಿಗ್ಗೆ ಆರಕ್ಕೆ ಹೋಗಿ ಐದೂ ವಿಭಾಗಗಳ ಬೋರ್ಡು ನಾನೇ ನಿಂತು ಹೊಡೆಸಿದೆ. ವಿಜ್ಞಾನದವರು ಒಂಬತ್ತಕ್ಕೆ ಬಂದು ನೋಡಿದರೆ ನೆಲಮಹಡಿಯೆಲ್ಲ ನಮ್ಮದು.

ಆ ಐದರಲ್ಲಿ ಉರ್ದು ವಿಭಾಗ ಆಪಾ ಅವರದು. ಆಪಾ ಅಂದರೆ ಅಕ್ಕ. ಸುರಪುರದ ರಂಗಂಪೇಟೆಯವರು, ವಯಸ್ಸಿನಲ್ಲಿ ನನಗಿಂತ ಎರಡು ವರ್ಷ ದೊಡ್ಡವರು. ಆ ವಿಭಾಗದಲ್ಲಿ ಖಾಯಂ ಅಧ್ಯಾಪಕರು ಅವರೊಬ್ಬರೇ. ನಾವಿಬ್ಬರೂ ಒಂದೇ ಬಸ್ಸಿಗೆ ಬರುವವರು. ಶಹಾಪುರದಲ್ಲಿ ಬಸ್ಸು ನಿಂತಾಗ ನಾನು ಇಳಿದು ಮಂಡಕ್ಕಿ ಮಿರ್ಚಿ ಕಟ್ಟಿಸಿಕೊಂಡು ಬಂದರೆ, ಭೀಮಾ ಸೇತುವೆ ಬರುವುದರೊಳಗೆ ಮಿರ್ಚಿಯೆಲ್ಲ ಅವರು ತಿಂದು ಮಂಡಕ್ಕಿ ನನಗೆ ಬಿಟ್ಟಿರುತ್ತಿದ್ದರು.

"ಭಾಯಿ, ನೀವು ಚೌಕಾಸಿ ಮಾಡವ್ರು, ನಾ ತಿನ್ನಾಕಿ. ಕೆಲಸ ಹಂಚ್ಕೊಂಡೀವಿ," ಎನ್ನುವರು.

ಅವರ ಕೋಣೆಗೆ ಗುರುವಾರ ಹಳ್ಳಿಯ ಜನ ಬರುತ್ತಿದ್ದರು. ನಮ್ಮ ಸೀಮೆಯಲ್ಲಿ ನಿಜಾಮರ ಕಾಲದ ಹೊಲದ ಕಾಗದವೆಲ್ಲ ಉರ್ದುವಿನಲ್ಲಿವೆ. ಟ್ರಂಕಿನ ತಳದಿಂದ ತೆಗೆದ, ಮಡಿಕೆಯಲ್ಲೇ ಹರಿದ ಕಾಗದವನ್ನು ಆಪಾ ಮೇಜಿನ ಮೇಲೆ ಹಾಸಿ, ವಿದ್ಯಾರ್ಥಿಗಳಿಂದ ಓದಿಸಿ, ಕನ್ನಡದಲ್ಲಿ ಬರೆಸಿ ಕೊಡುತ್ತಿದ್ದರು. ಪುಕ್ಕಟೆ. ಶುಲ್ಕ ಇಡಿ ಎಂದು ನಾನು ಹೇಳಿದ್ದೆ. "ಅಜ್ಜನ ಹೆಸರು ಓದಿ ಹೇಳಾಕ ರೊಕ್ಕ ತಗೋಳೋದಾ ಭಾಯಿ?" ಎಂದು ನನ್ನನ್ನು ಮೇಲಿಂದ ಕೆಳಗೆ ನೋಡಿದ್ದರು.

ಈಗ ನಮ್ಮ ನಿಕಾಯದ ಒಂದು ಪದ್ಧತಿ ಹೇಳಬೇಕು. ಒಂದು ವಿಭಾಗಕ್ಕೆ ಹತ್ತು ಮಂದಿ ಸೇರದಿದ್ದರೆ ಆ ವರ್ಷ ಅದು ನಡೆಯುವಂತಿಲ್ಲ ಎಂಬುದು ನಿಯಮ. ಪ್ರವೇಶದ ಪಟ್ಟಿ ಮುಖ್ಯ ಆವರಣಕ್ಕೆ ಹೋದ ಮೇಲೆ ವಿದ್ಯಾರ್ಥಿ ತಿಂಗಳೊಳಗೆ ವಿಭಾಗ ಬದಲಿಸಬಹುದು ಎಂಬುದೂ ನಿಯಮವೇ. ಈ ಎರಡು ನಿಯಮಗಳ ಸಂದಿನಲ್ಲಿ ನಾವು ಐದು ವಿಭಾಗಗಳನ್ನು ಬದುಕಿಸಿದ್ದೆವು. ಪಟ್ಟಿ ಹೋಗುವ ದಿನ ಹೆಚ್ಚಿದ್ದವರು ಕಡಿಮೆ ಇದ್ದವರಿಗೆ ಹುಡುಗರನ್ನು ಕೊಡುವುದು, ತಿಂಗಳೊಳಗೆ ಅವರು ತಮ್ಮ ವಿಭಾಗಕ್ಕೆ ತಿರುಗಿ ಬರುವುದು. ಪಕ್ಕದ ಮನೆಯಿಂದ ಸಕ್ಕರೆ ತಂದ ಹಾಗೆ. ಅದಕ್ಕೆ ಕೈಗಡ ಎಂದೇ ಹೆಸರಿತ್ತು.

"ಕನ್ನಡಕ್ಕ ಹುಡುಗ್ರು ಇರುವಿ ಮುತ್ತಿದಂಗ ಮುತ್ತ್ಯಾವ, ನನಗ ನಾಕು ಕೊಡಪಾ," ಎಂದು ಇತಿಹಾಸದವರು ಕೇಳುವರು.

"ಹೋದ ವರ್ಷ ಒಯ್ದಿದ್ದರೊಳಗ ಒಬ್ಬಾಕಿನ್ನ ತಿರುಗಿ ಕಳಸೇ ಇಲ್ಲ ನೀ. ಹಂಪಿ ತೋರಿಸಿ ಕೆಡಿಸಿಬಿಟ್ಟಿ ಅಕೀನ್ನ," ಎಂದು ಕನ್ನಡದವರು ಜಗಳ ತೆಗೆಯುವರು.

ಪಡೆದವರು ಅವತ್ತು ಸಂಜೆ ಎಲ್ಲರಿಗೂ ಚಹಾ ಕೊಡಿಸಬೇಕು, ಅಷ್ಟೇ ಕರಾರು.

ಉರ್ದುವಿಗೆ ಮಾತ್ರ ಎಲ್ಲರಿಂದಲೂ ಕೊಡಲಾಗುತ್ತಿರಲಿಲ್ಲ. ಬಿ.ಎ.ಯಲ್ಲಿ ಉರ್ದು ಓದಿದವರನ್ನೇ ಕೊಡಬೇಕು, ಅಂಥವರು ಇರುತ್ತಿದ್ದುದು ನನ್ನ ರಾಜ್ಯಶಾಸ್ತ್ರದಲ್ಲಿ. ಆಪಾಗೆ ವರ್ಷಕ್ಕೆ ಏಳೆಂಟು ಜನ ತಾವಾಗಿಯೇ ಬರುವರು, ಉಳಿದ ಇಬ್ಬರು ಮೂವರು ನನ್ನ ಕಡೆಯಿಂದ. ಅಂದರೆ ಪಟ್ಟಿಯ ದಿನ ಅವರ ವಿಭಾಗದ ಉಸಿರು ನನ್ನ ಕೈಯಲ್ಲಿರುತ್ತಿತ್ತು. ಅದು ಅವರಿಗೂ ಗೊತ್ತಿತ್ತು, ಒಂದು ವರ್ಷವೂ ಅವರು ನೆನಪಿಸಿದವರಲ್ಲ.

ನನ್ನ ವಿಭಾಗದಲ್ಲಿ ಒಬ್ಬ ಅತಿಥಿ ಉಪನ್ಯಾಸಕನಿದ್ದ. ಬೋನಾಳದ ಕಡೆಯವನು, ಕೂಲಿ ಮಾಡಿದವರ ಮಗ. ಹನ್ನೊಂದು ವರ್ಷದಿಂದ ಪ್ರತಿ ಬೇಸಿಗೆಯಲ್ಲಿ ಕೆಲಸ ಕಳೆದುಕೊಂಡು, ಪ್ರತಿ ಮಳೆಗಾಲದಲ್ಲಿ ಹೊಸದಾಗಿ ಅರ್ಜಿ ಹಾಕಿ ಅದೇ ಕುರ್ಚಿಗೆ ಬರುತ್ತಿದ್ದ. ಪಟ್ಟಿ ಹೋಗುವುದಕ್ಕೆ ಒಂದು ವಾರ ಮೊದಲು ಸುತ್ತೋಲೆ ಬಂತು: ಈ ಪಟ್ಟಿಯಲ್ಲಿ ಮೂವತ್ತು ಸೀಟೂ ತುಂಬಿಸಿದ ವಿಭಾಗಕ್ಕೆ ಒಂದು ಖಾಯಂ ಹುದ್ದೆ. ನನ್ನಲ್ಲಿ ಸೇರಿದವರು ಸರಿಯಾಗಿ ಮೂವತ್ತು. ಆಪಾ ಹತ್ತಿರ ಏಳು. ಅವರಿಗೆ ಮೂವರನ್ನು ಕೊಟ್ಟರೆ ನನಗೆ ಇಪ್ಪತ್ತೇಳು. ಆ ಮೂರನ್ನು ಕನ್ನಡದಿಂದ ಕೈಗಡ ತರೋಣವೆಂದರೆ, ಅದೇ ಹುದ್ದೆಯ ಮೇಲೆ ಕಣ್ಣಿಟ್ಟ ಅವರೂ ತಮ್ಮ ಮೂವತ್ತನ್ನು ಬಿಡುವಂತಿರಲಿಲ್ಲ.

ನನ್ನ ಅತಿಥಿ ಉಪನ್ಯಾಸಕ ಹುಡುಗ ಏನೂ ಕೇಳಲಿಲ್ಲ. ಸುತ್ತೋಲೆಯನ್ನು ಎರಡು ಸಲ ಓದಿ, ಮಡಿಸಿ, ನನ್ನ ಮೇಜಿನ ಮೇಲಿಟ್ಟು, "ವಯಸ್ಸಿನ ಮಿತಿ ಮುಂದಿನ ವರ್ಷ ದಾಟ್ತದ ಸರ್ರ," ಎಂದಷ್ಟೇ ಹೇಳಿ ತರಗತಿಗೆ ಹೋದ.

ನಾನು ಮುಖ್ಯ ಆವರಣಕ್ಕೆ ಹೋಗಿ ಅಧಿಕಾರಿಯೊಬ್ಬರ ಮುಂದೆ ಕುಳಿತೆ. ಉರ್ದು ವಿಭಾಗವನ್ನು ಈ ಒಂದು ವರ್ಷ ಹಾಗೇ ನಡೆಸಲು ಬಿಡಿ ಎಂದೆ. ಆಗುವುದಿಲ್ಲ ಎಂದರು. ಒಂದೂವರೆ ತಾಸು ಜಗ್ಗಿದೆ. ಎದ್ದು ಬಾಗಿಲ ತನಕ ಹೋದಂತೆ ಮಾಡಿದೆ, ಅವರು ಕರೆದರು. "ನೋಡ್ರಿ, ಸಂಯೋಜಕರು ಅಂತ ನೀವ ಒಂದು ಶಿಫಾರಸು ಬರದು ಕೊಡ್ರಿ. ಒಂದು ವರ್ಷ ತಾತ್ಕಾಲಿಕವಾಗಿ ನಿಲ್ಲಿಸೂಣು. ಮುಂದಿನ ವರ್ಷ ಹತ್ತು ಮಂದಿ ತೋರಸ್ರಿ, ತಾನ ಸುರು ಆಗ್ತದ."

ನನಗೆ ಗೆದ್ದಂತೆ ಅನ್ನಿಸಿತು. ಹುಡುಗನಿಗೆ ಹುದ್ದೆ, ಆಪಾಗೆ ಒಂದು ವರ್ಷದ ಬಿಡುವು, ಎರಡೂ ಹೊಂದಿಸಿದೆ ಎಂದುಕೊಂಡೆ. ಅಲ್ಲೇ ಬರೆದು ಸಹಿ ಹಾಕಿದೆ. ಮುಂದಿನ ವರ್ಷ ಶುರು ಮಾಡತಕ್ಕದ್ದು ಎಂಬ ಒಂದು ಸಾಲನ್ನು ಅವರಿಂದ ಬರೆಸಿಕೊಳ್ಳಲಿಲ್ಲ. ಚೀಲಕ್ಕೆ ಬೀಳುವ ತನಕ ಕೊತ್ತಂಬರಿ ನಿನ್ನದಲ್ಲ ಎಂದು ಬೆಳೆಸಿದವಳ ಮಗ ನಾನು, ಖುಷಿಯಲ್ಲಿ ಅದನ್ನೇ ಮರೆತೆ. ಇದನ್ನೇ ನಾನು ಎಲ್ಲರಿಗೂ ಹೇಳುವುದು: ಗೆದ್ದೆ ಅನ್ನಿಸಿದ ಗಳಿಗೆಯಲ್ಲೇ ಕಾಗದವನ್ನು ಇನ್ನೊಮ್ಮೆ ಓದಿ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಆಪಾ ಅವರನ್ನು ನಾನು ಕೇಳಲಿಲ್ಲ. ಸಹಿ ಹಾಕಿದ ಮೇಲೆ ಆ ವಾರವಿಡೀ ಒಂದೇ ಬಸ್ಸಿನಲ್ಲಿ ಹೋಗಿ ಬಂದೆವು. ಶಹಾಪುರ ದಾಟಿದ ಮೇಲೆ ಹೇಳುತ್ತೇನೆ ಎಂದುಕೊಳ್ಳುವೆ. ಸೇತುವೆ ಬಂದುಬಿಡುವುದು.

ಪಟ್ಟಿಯ ದಿನ ಆ ಮೂವರು ವಿದ್ಯಾರ್ಥಿಗಳು ತಾವೇ ಬಂದು ಬಾಗಿಲಲ್ಲಿ ನಿಂತರು. "ಸರ್, ಆಪಾ ಅವ್ರ ಕಡೆ ಯಾವಾಗ ಹೋಗ್ಬೇಕ್ರಿ? ಸೀನಿಯರ್ ಹೇಳ್ಯಾರ, ಒಂದು ತಿಂಗಳು ಗಝಲ್ ಕೇಳಿ ಬರೂದ ಅಂತ." ಈ ಸಲ ಬೇಡ ಎಂದೆ. ಒಬ್ಬಳ ಮುಖ ಸಪ್ಪಗಾದದ್ದು ಕಂಡಿತು.

ನಾಲ್ಕಕ್ಕೆ ಆಪಾ ಕೋಣೆಗೆ ಹೋದೆ. ಮೇಜಿನ ಮೇಲೆ ಏಳು ಅರ್ಜಿಗಳು ತುಂಬಿ ಸಿದ್ಧವಾಗಿದ್ದವು, ಪಕ್ಕದಲ್ಲಿ ಮೂರು ಖಾಲಿ ಅರ್ಜಿ. ಕ್ಯಾಂಟೀನಿನಿಂದ ಚಹಾದ ಥರ್ಮಾಸು ಆಗಲೇ ಬಂದಿತ್ತು.

"ಬರ್ರಿ ಭಾಯಿ. ಈ ಸಲ ಯಾರ್ಯಾರು?"

ನಿಂತೇ ಹೇಳಿದೆ. ಸುತ್ತೋಲೆ, ಹುಡುಗ, ಅಧಿಕಾರಿ, ಒಂದು ವರ್ಷ. ವಕೀಲನಂತೆ ಎಲ್ಲವನ್ನೂ ಜೋಡಿಸಿ ಹೇಳಿದೆ.

"ಸಹಿ ಮಾಡಿ ಆತಾ?"

"ಆತ್ರಿ ಆಪಾ."

"ಯಾವತ್ತು?"

"ಸೋಮವಾರ."

ಅವತ್ತು ಶುಕ್ರವಾರ. ಅವರು ಖಾಲಿ ಅರ್ಜಿಗಳನ್ನು ಡ್ರಾಯರಿಗೆ ಹಾಕಿದರು. ಥರ್ಮಾಸಿನ ಮುಚ್ಚಳ ತಿರುಗಿಸಿ ಕಪ್ಪಿಗೆ ಬಗ್ಗಿಸಿದರು. "ಚಾ ತರ್ಸೀನಿ. ಎಲ್ಲಾರ್ನೂ ಕರೀರಿ, ಆರಿ ಹೋಗ್ತದ," ಎಂದರು. ಎಲ್ಲರನ್ನೂ ಕರೆದೆ. ಏನೂ ತಿಳಿಯದ ಇತಿಹಾಸದವರು, ಆಪಾ ಚಹಾ ಎಂದರೆ ಆಪಾ ಚಹಾ ಎಂದು ಎರಡನೇ ಕಪ್ಪು ಕೇಳಿ ಕುಡಿದರು. ನಾನೂ ಕುಡಿದೆ.

ಆ ಏಳು ಜನ ಬೇರೆ ಬೇರೆ ಕಡೆ ಹೋದರು. ನನ್ನ ವಿಭಾಗಕ್ಕೆ ಹುದ್ದೆ ಬಂತು, ನನ್ನ ಹುಡುಗನಿಗೇ ಸಿಕ್ಕಿತು. ಆದೇಶ ಬಂದ ದಿನ ಹೆಂಡತಿ ಮಕ್ಕಳನ್ನು ಕರೆದುಕೊಂಡು ಬಂದು ನನ್ನ ಕಾಲು ಮುಟ್ಟಿದ. ಆ ಹುದ್ದೆ ಬೇಡವಾಗಿತ್ತು ಎಂದು ನಾನು ಇವತ್ತಿಗೂ ಹೇಳಲಾರೆ. ಆಪಾ ಅವರನ್ನು ಮಾತ್ರ, ಪಾಠವಿಲ್ಲದವರಿಗೆ ಇಲ್ಲಿ ಕೆಲಸವಿಲ್ಲ ಎಂದು, ಮುಖ್ಯ ಆವರಣದ ಗ್ರಂಥಾಲಯಕ್ಕೆ ಹಾಕಿದರು. ಸುರಪುರದಿಂದ ದಿನಾ ಹೋಗಿ ಬರುವ ದೂರವಲ್ಲ. ಮಂಡಿ ನೋವಿನ ತಂಗಿಯನ್ನು ಮನೆಯಲ್ಲಿ ಬಿಟ್ಟು, ಅಲ್ಲೊಂದು ಬಾಡಿಗೆ ಕೋಣೆ ಹಿಡಿದರು. ಹೊರಡುವ ಮುಂಚೆ ತಮ್ಮ ಕೋಣೆಯ ಬೀಗದ ಕೈ ನನ್ನ ಮೇಜಿನ ಮೇಲಿಟ್ಟು, "ಕಿಟಕಿ ಕೊಂಡಿ ಸಡ್ಲ ಅದ, ಮಳಿ ಬಂದ್ರ ನೀರು ಬರ್ತದ," ಎಂದರು.

ಆ ವರ್ಷ ಪೂರ್ತಿ ನಾನು ಹತ್ತು ಮಂದಿಯನ್ನು ಹುಡುಕಿದೆ. ಬಿ.ಎ. ಕಾಲೇಜುಗಳ ಮುಂದೆ ನಿಂತೆ. ಶಹಾಪುರ, ಸುರಪುರ, ಯಾದಗಿರಿಯ ಓಣಿ ಓಣಿ ತಿರುಗಿದೆ. ಮಗಳನ್ನು ಇನ್ನು ಓದಿಸುವುದಿಲ್ಲ ಎಂದ ಟೈಲರೊಬ್ಬರ ಅಂಗಡಿಯಲ್ಲಿ ಮೂರು ಮಧ್ಯಾಹ್ನ ಕುಳಿತು, ಬಸ್ ಪಾಸು ಮಾಡಿಸಿಕೊಡುವುದು ನನ್ನ ಜವಾಬ್ದಾರಿ ಎಂದು ಒಪ್ಪಿಸಿದೆ. ಹತ್ತು ಅರ್ಜಿ ತುಂಬಿಸಿದೆ. ಈ ಸಲ ಒಬ್ಬರೂ ಕೈಗಡವಲ್ಲ, ಹತ್ತೂ ಸ್ವಂತದವು.

ಅರ್ಜಿಗಳನ್ನು ನೋಡಿ ಅಧಿಕಾರಿ ತಲೆಯಾಡಿಸಿದರು. "ಖಾಯಂ ಅಧ್ಯಾಪಕರು ಒಬ್ರು ಇರಬೇಕಲ್ರಿ. ಅವ್ರು ಸ್ವಯಂ ನಿವೃತ್ತಿ ಬರದು ಕೊಟ್ಟಾರ. ನಿಮಗ ಗೊತ್ತಿಲ್ಲೇನು?"

ಗೊತ್ತಿರಲಿಲ್ಲ. ಆಪಾ ರಜೆ ಹಾಕಿ ಊರಿಗೆ ಹೋಗಿದ್ದಾರೆಂದು ಗ್ರಂಥಾಲಯದಲ್ಲಿ ಹೇಳಿದರು, ಬಸ್ಸು ಹಿಡಿದು ನೇರ ರಂಗಂಪೇಟೆಗೆ ಹೋದೆ. ಆಪಾ ಮನೆಯಲ್ಲಿದ್ದರು, ತಂಗಿಯ ಮಂಡಿಗೆ ಎಣ್ಣೆ ತಿಕ್ಕುತ್ತಿದ್ದರು. ಕೈ ಒರೆಸಿಕೊಂಡು ಬಂದು ಹತ್ತು ಅರ್ಜಿಯನ್ನೂ ಒಂದೊಂದಾಗಿ ಓದಿದರು, ಹೆಸರು, ತಂದೆಯ ಹೆಸರು, ಊರು.

"ಚಲೋ ಹುಡುಗ್ರು," ಎಂದರು.

"ಆಪಾ, ನಿವೃತ್ತಿ ವಾಪಸ್ ತಗೋರಿ. ಇನ್ನೂ ಹದಿನೈದು ದಿನ ಟೈಮ್ ಅದ. ಒಂದು ಸಹಿ. ಯಾದಗಿರಿಗೇ ತಿರುಗಿ ಹಾಕಿಸೂದು ನನ್ನ ಕಡೆ ಇರಲಿ."

"ಹೋದ ವರ್ಷನೂ ನಿಮ್ಮ ಕಡೇನೇ ಇತ್ತಲ್ಲ ಭಾಯಿ."

ನಾನು ಬಿಡಲಿಲ್ಲ. ವಾರಕ್ಕೆ ಮೂರೇ ದಿನ ಬನ್ನಿ ಎಂದೆ. ಪಾಠ ಬೇರೆಯವರು ಮಾಡಲಿ, ಹೆಸರು ಮಾತ್ರ ಇರಲಿ ಎಂದೆ. ಒಂದೇ ವರ್ಷ ಎಂದೆ. ಹೋದ ವರ್ಷ ಅಧಿಕಾರಿ ನನಗೆ ಹೇಳಿದ್ದೂ ಅದೇ ಮಾತು. ಆಪಾ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನು ಇನ್ನೊಂದು ತಾಸು ಜಗ್ಗುತ್ತಿದ್ದೆ, ಸಿಟ್ಟಿರುವವರು ಏನೋ ಕೇಳುತ್ತಿರುತ್ತಾರೆ. ಆಪಾ ನನ್ನಿಂದ ಏನೂ ಕೇಳುತ್ತಿರಲಿಲ್ಲ. ಅರ್ಜಿಗಳ ಅಂಚು ಸರಿಮಾಡಿ ತಿರುಗಿ ಕೊಟ್ಟರು.

"ಸೋಮವಾರ ಸಹಿ ಮಾಡಿ ಶುಕ್ರವಾರದ ತನಕ ಬಸ್ಸಿನ್ಯಾಗ ನನ್ನ ಬಾಜೂನ ಕುಂತಿದ್ರಿ. ಅದೊಂದು ನನ್ನ ಮನಸ್ಸಿನಿಂದ ಹೋಗವಲ್ದು," ಎಂದರು. ಆಮೇಲೆ ಒಳಗಿಂದ ತಂಗಿ ಕರೆದರು, ಅವರು ಎದ್ದು ಹೋದರು.

ವಿಭಾಗ ಶುರುವಾಗುವುದಿಲ್ಲ ಎಂದು ಹತ್ತು ಮನೆಗೂ ನಾನೇ ಫೋನು ಮಾಡಿದೆ. ಒಂಬತ್ತು ಜನ ಆಯ್ತು ಸರ್ ಎಂದರು. ಟೈಲರ ಮಗಳು ಫೋನು ಇಡಲಿಲ್ಲ.

"ಸರ್, ಕಲಿಸವ್ರು ಇಲ್ಲಂದ್ರ ಮತ್ತ ಮನಿಗೆ ಯಾಕ ಬಂದಿದ್ರಿ? ನಮ್ಮ ಅಬ್ಬಾ ಒಪ್ಪಿದ್ದ ಒಂದ ಸಲ. ಇನ್ನೊಮ್ಮೆ ಒಪ್ಪಂಗಿಲ್ಲ."

ರಾಜ್ಯಶಾಸ್ತ್ರಕ್ಕೆ ಬಾ ತಾಯಿ, ಸೀಟು ಅದ ಎಂದೆ.

"ನಾ ಕೇಳಿದ್ದು ಅದಲ್ರೀ," ಎಂದಳು.