ಐದನ್ನು ಒಡೆಯುವ ಎರಡು ದಾರಿ

ಸುರಪುರದ ಹೈಸ್ಕೂಲಿನಲ್ಲಿ ನಮಗೆ ಗಣಿತ ಹೇಳುತ್ತಿದ್ದವನು ನನ್ನ ಅಪ್ಪನೇ. ಗೇಟು ದಾಟಿದ ಮೇಲೆ ಅವನನ್ನು ‘ಸರ್’ ಎನ್ನಬೇಕು. ಒಮ್ಮೆ ಮರೆತು ‘ಅಪ್ಪಾ’ ಎಂದಿದ್ದಕ್ಕೆ ಊಟದ ಬಿಡುವಿನ ತನಕ ಬಿಸಿಲಲ್ಲಿ ನಿಲ್ಲಿಸಿದ್ದ.

ನಾನು ಹತ್ತನೆಯ ತರಗತಿಯಲ್ಲಿದ್ದಾಗ ಯಾದಗಿರಿಯಲ್ಲಿ ಗಣಿತದ ಸ್ಪರ್ಧೆಯೊಂದು ಇತ್ತು. ಶಾಲೆಗೆ ಒಬ್ಬರಂತೆ ಹೋಗಬೇಕು. ಯಾರನ್ನು ಕಳಿಸುವುದೆಂದು ನೋಡಲು ಅಪ್ಪ ಬೋರ್ಡಿನ ಮೇಲೆ ಲೆಕ್ಕವೊಂದನ್ನು ಬರೆದ. ಎ, ಬಿ, ಸಿ ಮೂರೂ ಧನ ಪೂರ್ಣಾಂಕಗಳು. ಎ, ಬಿ ಗುಣಿಸಿ ಸಿ ಕೂಡಿದರೆ ಮೂವತ್ನಾಲ್ಕು. ಬಿ, ಸಿ ಗುಣಿಸಿ ಎ ಕೂಡಿದರೆ ಇಪ್ಪತ್ತೊಂಬತ್ತು. ಮೂರನ್ನೂ ಕಂಡುಹಿಡಿಯಬೇಕು.

ನಾನು ಮೊದಲ ಸಮೀಕರಣದಿಂದ ಎರಡನೆಯದನ್ನು ಕಳೆದು ಅಪವರ್ತಿಸಿದೆ. ಎರಡು ಆವರಣ ಸಿಕ್ಕವು: ಒಂದರಲ್ಲಿ ಎ ಮೈನಸ್ ಸಿ, ಇನ್ನೊಂದರಲ್ಲಿ ಬಿ ಮೈನಸ್ ಒಂದು. ಅವುಗಳ ಗುಣಲಬ್ಧ ಐದು. ಐದು ಅವಿಭಾಜ್ಯ, ಒಂದು ಮತ್ತು ಐದಾಗಿ ಮಾತ್ರ ಒಡೆಯುತ್ತದೆ. ಆದರೆ ಒಂದು ಯಾವ ಆವರಣಕ್ಕೆ, ಐದು ಯಾವುದಕ್ಕೆ? ಎರಡು ಬಗೆಯಲ್ಲೂ ನೋಡಿದೆ. ಎರಡೂ ಸರಿಬಂದವು. ಖುಷಿಗೆ ಬೆಂಚಿನ ಮೇಲೆ ಕೂರಲಾಗಲಿಲ್ಲ.

ಅಪ್ಪ ಬೋರ್ಡಿನಲ್ಲಿ ಹದಿಮೂರು, ಎರಡು, ಎಂಟು ಎಂದು ಬರೆದು ಕೆಳಗೆ ಗೆರೆ ಎಳೆದ. “ಇದೊಂದೇ ಉತ್ತರ.”

“ಸರ್, ಇನ್ನೊಂದು ಬರ್ತದ್ರಿ. ಐದು, ಆರು, ನಾಕು.”

“ಬಂದು ಬರಿ.”

ಬರೆದೆ. ಅಪ್ಪ ಎರಡೂ ಸಮೀಕರಣಕ್ಕೆ ಅಂಕಿ ಹಾಕಿ ನೋಡಿದ. ಅವನಿಗೆ ಅರ್ಥವಾದದ್ದು ನನಗೆ ಗೊತ್ತಾಯಿತು; ಅವನ ಕಿವಿ ಕೆಂಪಾಗಿದ್ದವು. ಶಭಾಷ್ ಎನ್ನುತ್ತಾನೆಂದು ಕಾದೆ.

“ಯಾವ ಗೈಡಿನಾಗಿಂದ ಕದ್ದಿ?”

“ಇಲ್ರಿ ಸರ್, ನಾನೇ ಮಾಡೀನ್ರಿ.”

“ಅಳಸು.” ಡಸ್ಟರಿಗೆ ಕೈಹಾಕಿದೆ. “ಅದು ಬ್ಯಾಡ. ನಿನ್ನ ವೇಲ್‌ಲೆ ಅಳಸು.”

ಕೊರಳಿನ ವೇಲ್ ತೆಗೆದು ಅಳಿಸುವಾಗ ಅಪ್ಪ ಹುಡುಗರ ಕಡೆ ತಿರುಗಿದ. “ಮನ್ಯಾಗ ಒಂದು ಗಂಗಾಳ ತೊಳ್ಯಾಕ ಬರಂಗಿಲ್ಲ. ಇಲ್ಲಿ ಮಾಸ್ತರಗ ಪಾಠ ಹೇಳಾಕ ಬಂದಾಳ.” ಇಡೀ ತರಗತಿ ನಕ್ಕಿತು. ಸ್ಪರ್ಧೆಗೆ ಬೇರೊಬ್ಬನ ಹೆಸರು ಹೋಯಿತು.

ಮನೆಯಲ್ಲಿ ಅವ್ವ ಸೀಮೆಸುಣ್ಣ ಮೆತ್ತಿದ ವೇಲನ್ನು ಬಕೆಟ್ಟಿಗೆ ಹಾಕುತ್ತ, “ತಂದಿ ಮುಂದ ಶ್ಯಾಣ್ಯಾತನ ಯಾಕ ತೋರ್ಸಾಕ ಹೋದಿ?” ಎಂದಳು.

ಮರುದಿನ ಪಕ್ಕದ ಸೆಕ್ಷನ್ನಿನ ಗೆಳತಿ ನಳದ ಹತ್ತಿರ ಸಿಕ್ಕಳು. “ನಿಮ್ಮಪ್ಪ ಇವತ್ತ ಭಾರಿ ಲೆಕ್ಕ ಹೇಳಿದ್ರು. ಎರಡು ಉತ್ತರ ಬರ್ತಾವಂತ. ದೊಡ್ಡ ದೊಡ್ಡ ಮಾಸ್ತರಿಗೂ ಎರಡನೇದು ಹೊಳಿಯಂಗಿಲ್ಲ ಅಂದ್ರು.”

ಊಟಕ್ಕೆ ಕೂತಾಗ ಕೇಳಿಯೇಬಿಟ್ಟೆ. “ಅಪ್ಪಾ, ನೀವು ಆ ಸೆಕ್ಷನ್ನಿನಾಗ ಎರಡೂ ಉತ್ತರ ಹೇಳಿದ್ರಂತ?”

ಅವನು ರೊಟ್ಟಿ ಮುರಿದು ಪಲ್ಯದಲ್ಲಿ ಒತ್ತಿದ. “ಉತ್ತರ ಖರೇನೇ ಅದ. ನಿನ್ನ ಬಾಯಾಗಿಂದ ಬರಬಾರದಿತ್ತು.”

ಆ ವರ್ಷ ನನಗೆ ಎಲ್ಲಕ್ಕಿಂತ ಹೆಚ್ಚು ಅಂಕ ಬಂದದ್ದು ಗಣಿತದಲ್ಲೇ. ಶಹಾಪುರದ ಕಾಲೇಜಿಗೆ ಅಪ್ಪ ಕರೆದುಕೊಂಡು ಹೋಗಿ ಕಲಾ ವಿಭಾಗ ಕೇಳಿದ. ಪ್ರಾಂಶುಪಾಲರು ಅಂಕ ನೋಡಿ, “ಲೆಕ್ಕದಾಗ ಭಾಳ ಛಲೋ ಅದಾಳಲ್ರಿ, ಸೈನ್ಸ್ ಕೊಡಿಸ್ರಿ,” ಎಂದರು.

“ಬರೇ ಬಾಯಿಪಾಠ್ರಿ,” ಎಂದ ಅಪ್ಪ. “ತಲಿ ಇಲ್ಲ.”

ಪ್ರಾಂಶುಪಾಲರು ನನ್ನ ಮುಖ ನೋಡಿದರು. “ಹೌದೇನವ್ವಾ?”

ಅಪ್ಪ ಪಕ್ಕದಲ್ಲೇ ಇದ್ದ. “ಹೌದ್ರಿ,” ಎಂದೆ.

ವಾಪಸು ಬರುವಾಗ ಬಸ್ಸಿನಲ್ಲಿ ಅವನು ಕಿಟಕಿ ಪಕ್ಕದ ಸೀಟು ನನಗೇ ಬಿಟ್ಟುಕೊಟ್ಟ. ದಾರಿಯುದ್ದಕ್ಕೂ ಬಹಳ ಪ್ರೀತಿಯಿಂದ ಮಾತಾಡಿದ.