ಹೊಸ್ತಿಲ ಮೇಲಿನ ಬಳೆಚೂರು

ಶಟ್ಟೆವ್ವನ ಬಲಗೈಯ ಎರಡು ಬೆರಳು ಮಡಚುವುದಿಲ್ಲ. ಅದಕ್ಕೆ ಕಾರಣ ಯಾರೆಂದು ಅವಳು ಒಂದು ದಿನವೂ ಮರೆತವಳಲ್ಲ. ಉಗರಗೋಳದವಳು, ಆರು ವರ್ಷದಿಂದ ಸವದತ್ತಿಯಲ್ಲಿ ಹೆಂಗಸರ ಸಂಘದ ಕಸದ ಗಾಡಿಯೊಡನೆ ಮನೆಮನೆ ಅಲೆಯುತ್ತಾಳೆ. ಆ ಓಣಿಯಲ್ಲಿ ರಾಚವ್ವನದು ದೊಡ್ಡ ಮನೆ. ಗಂಡ ನಿಜಗುಣಪ್ಪ ಎಲ್ಲಮ್ಮನ ಗುಡ್ಡದ ಅಂಗಡಿಗಳಿಗೆಲ್ಲ ಹಸಿರು ಬಳೆ ಹೋಲ್‌ಸೇಲ್ ಮಾರುವವನು. ಒಡೆದ ಬಳೆಯೆಲ್ಲ ಹಳಸಿದ ಅನ್ನ, ಕಾಯಿಪಲ್ಯೆಯ ಸಿಪ್ಪೆಯ ಜೊತೆ ಒಂದೇ ಚೀಲದಲ್ಲಿ ಬರುತ್ತಿತ್ತು. ಹೋದ ವರ್ಷ ಅಂಥದೊಂದು ಚೂರು ಅಂಗೈ ಸೀಳಿ ನರ ಕತ್ತರಿಸಿತು. ಅಂದಿನಿಂದ ಅವಳಿಗೆ ರೊಟ್ಟಿ ಬಡಿಯಲು ಬರುವುದಿಲ್ಲ. ತೆಳುರೊಟ್ಟಿಗೆ ಹೆಸರಾದ ಕೈ ಅದು. ಸೊಸೆಯ ದಪ್ಪ ರೊಟ್ಟಿ ಮುರಿಯುವಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಪಟ್ಟಿ ಕಟ್ಟಿದ ಕೈಯಲ್ಲೇ ಹೋಗಿ ಕೇಳಿದ್ದಳು: ಗಾಜು ಬೇರೆ ಇಡಿ, ಇಲ್ಲವೇ ಆರಿಸಲು ಸಂಘಕ್ಕೆ ತಿಂಗಳಿಗೆ ಮೂವತ್ತು ರೂಪಾಯಿ ಕೊಡಿ.

"ಕಸಾ ಆರಿಸೂದು ನಿಮ್ಮ ಕೆಲಸಾ. ಅದಕ್ಕ ನಾ ಯಾಕ ರೊಕ್ಕಾ ಕೊಡ್ಲಿ?" ಎಂದ ರಾಚವ್ವ ನಿನ್ನೆಯ ಎರಡು ರೊಟ್ಟಿ ತಂದು ಅವಳ ಉಡಿಗೆ ಹಾಕಿದಳು. ರೊಟ್ಟಿ ಬಡಿಯಲಾಗದವಳಿಗೆ ರೊಟ್ಟಿ!

ಆಮೇಲೆ ಕಾಲೇಜಿನ ಹುಡುಗಿಯೊಬ್ಬಳು ಕಾಗದ ಹಿಡಿದು ಬಂದು, ಕಸ ಬೇರೆ ಮಾಡಿಸಲು ಎಷ್ಟು ಕೊಡುತ್ತೀರಿ ಎಂದು ಮನೆಮನೆಯಲ್ಲೂ ಕೇಳಿದಳು. ಆದಾಯ ಎಷ್ಟು, ಎಷ್ಟು ಓದಿದ್ದೀರಿ, ಎಲ್ಲ ಬರೆದುಕೊಂಡಳು. ರಾಚವ್ವ ಒಂದು ಪೈಸೆಯೂ ಇಲ್ಲವೆಂದಳು. ಅದೇ ರಾಚವ್ವ ದೇವರ ಮೇಲಿನ ಹೂವನ್ನು ಮಾತ್ರ ಕಸಕ್ಕೆ ಬೆರೆಸದೆ, ಬುಟ್ಟಿಯಲ್ಲಿ ಬೇರೆ ಇಟ್ಟು ಬನ್ನಿಗಿಡದ ಬುಡಕ್ಕೆ ಹಾಕುತ್ತಿದ್ದಳು. ಇವಳಿಗೆ ಆರಿಸಲು ಬರುತ್ತದೆ, ನನ್ನ ಕೈ ಅಂದರೆ ಮಾತ್ರ ಲೆಕ್ಕಕ್ಕಿಲ್ಲ ಎಂದು ಶಟ್ಟೆವ್ವನಿಗೆ ಖಾತ್ರಿಯಾಯಿತು. ಹೆದರಿಕೆ ಇದ್ದಲ್ಲಿ ಈ ಮನೆಯವರು ಎಲ್ಲ ಮಾಡುತ್ತಾರೆ ಎಂಬುದೂ ತಿಳಿಯಿತು.

ಮರುವಾರದಿಂದ ಆ ಮನೆಯ ಚೀಲದ ಬಳೆಚೂರನ್ನೆಲ್ಲ ಆರಿಸಿ ಕಟ್ಟಿಟ್ಟಳು. ಮಂಗಳವಾರ ನಸುಕಿನಲ್ಲಿ, ರಾಚವ್ವ ರಂಗೋಲಿ ಹಾಕಲು ಬರುವ ಮುಂಚೆ, ಹೊಸ್ತಿಲ ಮೇಲೆ ಸಾಲಾಗಿ ಇಟ್ಟು ಬಂದಳು. ಶುಕ್ರವಾರ ಮತ್ತೆ. ಗಂಡ ಸತ್ತನೆಂದು ಗುಡ್ಡದ ಎಲ್ಲಮ್ಮನಿಗೇ ಬಳೆ ಒಡೆಯುವ ಹುಣ್ಣಿಮೆಯಿರುವ ಸೀಮೆಯಲ್ಲಿ ಮುತ್ತೈದೆಯ ಬಾಗಿಲಿಗೆ ಒಡೆದ ಬಳೆ ಬಂದರೆ ಏನರ್ಥವೆಂದು ಯಾರೂ ಬಾಯಿಬಿಟ್ಟು ಹೇಳಬೇಕಿಲ್ಲ. ಮೂರನೆಯ ವಾರ ನಿಜಗುಣಪ್ಪನಿಗೆ ಜ್ವರ ಬಂತು. ಶಟ್ಟೆವ್ವನಿಗೆ ಕನಿಕರ ಬರಲಿಲ್ಲ. ಖುಷಿಯಾಯಿತು.

ಮರುದಿನ ಗಾಡಿ ಬರುವ ಮೊದಲೇ ರಾಚವ್ವ ಬೀದಿಯಲ್ಲಿ ನಿಂತಿದ್ದಳು. ಚೂರೆಲ್ಲ ತನ್ನ ಕಸದ ಚೀಲದವೇ ಆದ್ದರಿಂದ ಇಟ್ಟವರು ಯಾರೆಂದು ಕೇಳುವ ಅಗತ್ಯ ಅವಳಿಗೆ ಬೀಳಲಿಲ್ಲ. "ತಿಂಗಳಾ ಇನ್ನೂರು ಕೊಡತೇನಿ ಶಟ್ಟೆವ್ವಾ. ಅವನ್ನ ಬಾಗಲಕ್ಕ ಇಡಬ್ಯಾಡ."

"ಸಂಘಕ್ಕ ಮೂವತ್ತ ಸಾಕ್ರಿ ಅವ್ವಾರ. ನನಗ ನಿಮ್ಮ ಕೈ ಬೇಕ್ರಿ."

ಶಟ್ಟೆವ್ವ ಆ ಮನೆಯ ಚೀಲವನ್ನು ಬೀದಿಯಲ್ಲೇ ಸುರಿದಳು. ಅಕ್ಕಪಕ್ಕದ ಹೆಂಗಸರು ಕಟ್ಟೆಗೆ ಬಂದು ನಿಂತರು. ರಾಚವ್ವ ಅತ್ತಿತ್ತ ನೋಡಿ, ಸೆರಗು ಸಿಕ್ಕಿಸಿ ಕುಂತು, ಹುಳಿವಾಸನೆಯ ಅನ್ನದೊಳಗೆ ಕೈ ಹಾಕಿದಳು. ಗಾಡಿಯಲ್ಲಿ ಕೈಗವಸು ಇತ್ತು. ಶಟ್ಟೆವ್ವ ಕೊಡಲಿಲ್ಲ. ಐದಾರು ಚೂರು ಆರಿಸುವಷ್ಟರಲ್ಲಿ ರಾಚವ್ವನ ಬೆರಳಿನಿಂದ ರಕ್ತ ಬಂತು. ಅವಳು ಎದ್ದು ನಿಲ್ಲಹೋದಳು.

"ತಳದಾಗ ಇನ್ನೂ ಅದಾವ್ರಿ," ಎಂದಳು ಶಟ್ಟೆವ್ವ. "ಕುಂದರ್ರಿ."